ಮಳೆ ತಂದ ಸುಲ್ತಾನ

ಬೀದರಿನ ಕೆಂಪುಕಲ್ಲಿನ ದಿಬ್ಬವನ್ನಿಳಿದು ಪೂರ್ವಕ್ಕೆ ಸುಮಾರು 3 ಕಿಲೋಮೀಟರ್ ನಡೆದರೆ ಅಷ್ಟೂರು ಸಿಗುತ್ತದೆ. ಊರು ಚಿಕ್ಕದಾದರೂ ಅದರ ನೆರೆಹೊರೆ ದೊಡ್ಡದು. ಹೊಲಗಳ ಬದಿಯಲ್ಲೇ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅರಸರೆಲ್ಲ ಕೊನೆಗೆ ರೈತನ ನೆರೆಯವರಾಗಿದ್ದಾರೆ.

ಅವರಲ್ಲಿ ಮೊದಲಿಗನು ಅಹಮದ್ ಷಾ. 1422ರಲ್ಲಿ ಪಟ್ಟವೇರಿದ ಈತನು ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದನು; ವಿಜಯನಗರದೊಡನೆ ಕಾದಿದನು; ವಾರಂಗಲ್ಲನ್ನು ಗೆದ್ದನು; 1436ರಲ್ಲಿ ತೀರಿಕೊಂಡನು. ಚರಿತ್ರೆಯ ಪುಟಗಳಲ್ಲಿರುವುದು ಈ ಗೆಲುವುಗಳೇ. ಜನರು ನೆನೆಯುವುದು ಮಾತ್ರ ಬೇರೊಂದನ್ನು. ಆತನ ಆಳಿಕೆಯ ಮೊದಲಲ್ಲಿ ಘೋರವಾದ ಬರಗಾಲ ಬಂದಿತಂತೆ. ಸುಲ್ತಾನನು ದಿನ್ನೆಯೊಂದನ್ನೇರಿ ಕಣ್ಣೀರಿಡುತ್ತ ದೇವರನ್ನು ಬೇಡಿದನಂತೆ. ನೋಡನೋಡುತ್ತಿರುವಂತೆಯೇ ಮೋಡ ಕವಿದು ಮಳೆ ಸುರಿಯಿತಂತೆ. ಅಂದಿನಿಂದ ಆತನು ಜನರ ಬಾಯಲ್ಲಿ ‘ವಲಿ’ಯಾದನು, ಅಂದರೆ ಸಂತನಾದನು.

ಆತನ ಗುಮ್ಮಟದೊಳಗೆ ಹಗಲಲ್ಲೂ ಕತ್ತಲೆ. ಕಾವಲುಗಾರನು ಬಾಗಿಲಲ್ಲಿ ನಿಂತು ಕನ್ನಡಿಯಿಂದ ಬಿಸಿಲನ್ನು ಒಳಕ್ಕೆ ಹಾಯಿಸಿದರೆ, ಗೋಡೆಯ ಚಿನ್ನದ ಬರಹಗಳೂ ಬಣ್ಣದ ಬಳ್ಳಿಗಳೂ ಒಮ್ಮೆಗೇ ಕಣ್ದೆರೆಯುತ್ತವೆ.

ಅದೇ ಸಾಲಿನಲ್ಲಿ ಆತನ ಮೊಮ್ಮಗ ಹುಮಾಯೂನನ ಗೋರಿಯೂ ಇದೆ. 1458ರಿಂದ 1461ರ ವರೆಗೆ ಮೂರೇ ವರ್ಷ ಆಳಿದ ಆತನಿಗೆ ಜನರಿತ್ತ ಬಿರುದು ‘ಜಾಲಿಮ್’, ಕ್ರೂರಿ. ಆ ಗುಮ್ಮಟಕ್ಕೆ ಸಿಡಿಲೆರಗಿ ಅರ್ಧ ಕುಸಿದುಹೋಗಿದೆ. ಸಿಡಿಲಿಗೆ ಪಾಪಪುಣ್ಯಗಳ ಗೊಡವೆಯೆಲ್ಲಿ? ಆದರೂ ಅಜ್ಜನಿಗೆ ಮಳೆಯನ್ನು ಕೊಟ್ಟ ಆಕಾಶವೇ ಮೊಮ್ಮಗನಿಗೆ ಸಿಡಿಲನ್ನು ಕಳುಹಿಸಿತೆಂದು ಹಳ್ಳಿಯವರು ಹೇಳಿದರೆ, ಅಲ್ಲವೆನ್ನಲು ಮನಸ್ಸು ಬಾರದು.

ಅಷ್ಟೂರಿನ ವಿಶೇಷ ಇಷ್ಟಕ್ಕೇ ಮುಗಿಯಲಿಲ್ಲ. ಮುಸಲ್ಮಾನರಿಗೆ ವಲಿಯಾದ ಈ ಸುಲ್ತಾನನೇ ಲಿಂಗಾಯತರಿಗೆ ಅಲ್ಲಮಪ್ರಭು! ಅಲ್ಲಮನು ಹನ್ನೆರಡನೆಯ ಶತಮಾನದವನು, ಸುಲ್ತಾನನು ಹದಿನೈದನೆಯ ಶತಮಾನದವನು. ಕಾಲಗಣನೆಗೆ ಇದು ಒಪ್ಪದು. ಭಕ್ತಿಯಾದರೋ ಪಂಚಾಂಗವನ್ನು ಕೇಳಿಕೊಂಡು ಬರುವುದಿಲ್ಲ. ಪ್ರತಿವರ್ಷ ಹೋಳಿಹುಣ್ಣಿಮೆ ಕಳೆದ ಮೇಲೆ ನಡೆಯುವ ಉರುಸಿಗೆ ಕಲಬುರ್ಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಶಿಷ್ಯರೊಡನೆ ಬರುತ್ತಾರೆ. ಗೋರಿಯ ಮುಂದೆ ಶಂಖ ಮೊಳಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ; ಪಕ್ಕದಲ್ಲಿಯೇ ಫಾತಿಹಾ ನಡೆಯುತ್ತದೆ. ಒಬ್ಬರು ಇನ್ನೊಬ್ಬರನ್ನು ‘ಇವನು ಯಾರವನು?’ ಎಂದು ಕೇಳುವುದಿಲ್ಲ.

ಕತ್ತಿಯಿಂದ ಗೆದ್ದ ವಾರಂಗಲ್ಲು ಬಹಮನಿಗಳ ಕೈಯಲ್ಲಿ ಉಳಿಯಲಿಲ್ಲ. ಬರಗಾಲದಲ್ಲಿ ಬಿದ್ದಿತೆನ್ನುವ ಒಂದು ಮಳೆಯ ಋಣವನ್ನು ಮಾತ್ರ ಆರುನೂರು ವರ್ಷಗಳ ಬಳಿಕವೂ ಜನರು ತೀರಿಸುತ್ತಲೇ ಇದ್ದಾರೆ.