ಹಿಮನಾಡಿನ ಒಗಟುಗಳು

ಒಗಟು ಹೇಳುವುದೂ ಬಿಡಿಸುವುದೂ ಮಕ್ಕಳಾಟವೆಂದು ತಿಳಿದವರು ಅನೇಕರುಂಟು. ನಮ್ಮ ಆಲಂಕಾರಿಕರು ಹಾಗೆ ತಿಳಿಯಲಿಲ್ಲ. ದಂಡಿಯಂಥ ಆಚಾರ್ಯನು ತನ್ನ ಕಾವ್ಯಾದರ್ಶದಲ್ಲಿ ಪ್ರಹೇಲಿಕೆಗಳಿಗೆ ಎಡೆಗೊಟ್ಟು, ಅವುಗಳಲ್ಲಿ ಹದಿನಾರು ಬಗೆಗಳನ್ನು ನಿರೂಪಿಸಿ, ಗೋಷ್ಠಿಯ ವಿನೋದಕ್ಕೆ ಅವು ಒದಗುವುವೆಂದು ಮನ್ನಣೆ ಕೊಟ್ಟಿರುವನು. ಮಹಾಭಾರತದಲ್ಲಿ ಬಾಯಾರಿ ಕೊಳಕ್ಕೆ ಬಂದ ಪಾಂಡವರಿಗೆ ಯಕ್ಷನು ಮೊದಲು ಕೊಟ್ಟುದು ನೀರನ್ನಲ್ಲ, ಪ್ರಶ್ನೆಯನ್ನು. ಪ್ರಶ್ನೆಯನ್ನು ಕಡೆಗಣಿಸಿ ನೀರಿಗೆ ಕೈಯಿಕ್ಕಿದ ನಾಲ್ವರೂ ನೆಲಕ್ಕೊರಗಿದರು. ನಿಂತು ಉತ್ತರ ಹೇಳಿದವನಿಂದ ಅವರಿಗೆ ಪ್ರಾಣ ಬಂದಿತು. ವಿನೋದಕ್ಕೆಂದು ತೊಡಗಿದ ಪ್ರಶ್ನೆಯು ಎಲ್ಲಿ ಗಂಭೀರವಾಗುವುದೆಂಬುದನ್ನು ಮೊದಲೇ ಹೇಳಲಾಗದು.

ದೂರದ ನಾಡೊಂದನ್ನು ಅರಿಯುವುದಕ್ಕೂ ಒಗಟೇ ಒಳ್ಳೆಯ ಬಾಗಿಲೆಂದು ತೋರುತ್ತದೆ. ಭೂಗೋಳದ ಪುಸ್ತಕವು ಎಲ್ಲೆಗಳನ್ನೂ ನದಿಗಳನ್ನೂ ಬೆಳೆಗಳನ್ನೂ ಕ್ರಮವಾಗಿ ಒಪ್ಪಿಸುತ್ತದೆ. ವಿದ್ಯಾರ್ಥಿಯು ಅವನ್ನು ಅಷ್ಟೇ ಕ್ರಮವಾಗಿ ಮರೆಯುತ್ತಾನೆ. ಒಗಟಾದರೋ ಒಂದೇ ಒಂದು ವಿಚಿತ್ರವನ್ನು ಹಿಡಿದು ಮುಂದೆ ನಿಲ್ಲಿಸುತ್ತದೆ. ಉತ್ತರ ತಿಳಿಯುವವರೆಗೆ ಮನಸ್ಸಿಗೆ ಬಿಡುವಿಲ್ಲ; ತಿಳಿದ ಮೇಲೆ ಮರೆವೂ ಇಲ್ಲ.

ಇಂಥ ಆಟಕ್ಕೆ ಸೈಬೀರಿಯಾದಂಥ ನಾಡು ಮತ್ತೊಂದಿಲ್ಲ. ಉರಾಲ್ ಪರ್ವತದಿಂದ ಮೂಡಣ ಸಮುದ್ರದವರೆಗೆ ಅದು ಹಬ್ಬಿರುವುದು ಸುಮಾರು 1.31 ಕೋಟಿ ಚದರ ಕಿಲೋಮೀಟರು. ನಾಲ್ಕು ಭಾರತಗಳನ್ನು ಅದರಲ್ಲಿ ಹಾಸಬಹುದು. ಅಲ್ಲಿ ನೆಲಸಿರುವ ಜನರು ನಾಲ್ಕು ಕೋಟಿಗೂ ಕಡಮೆ. ಅದರ ಈಶಾನ್ಯ ಭಾಗವಾದ ಸಾಖಾ ಅಥವಾ ಯಾಕುತಿಯಾ ಎಂಬ ಪ್ರಾಂತವೊಂದೇ ವಿಸ್ತಾರದಲ್ಲಿ ನಮ್ಮ ದೇಶಕ್ಕಿಂತ ಸ್ವಲ್ಪವೇ ಕಿರಿದು. ಜನಸಂಖ್ಯೆಯೋ ಸುಮಾರು ಹತ್ತು ಲಕ್ಷ. ಉತ್ತರದ ತುದಿಯ ನಾಡೆಂದರೆ ನಮ್ಮ ಪೂರ್ವಿಕರಿಗೂ ಕುತೂಹಲವೇ. ಮೇರುವಿನ ಆಚೆಗೆ ಉತ್ತರಕುರುವಿದೆಯೆಂದು ಪುರಾಣಗಳು ಹೇಳಿದುವು. ಮನುಷ್ಯರ ಒಂದು ವರ್ಷವೇ ದೇವತೆಗಳಿಗೆ ಒಂದು ಅಹೋರಾತ್ರಿಯೆಂದು ಜ್ಯೋತಿಷಿಗಳು ಲೆಕ್ಕ ಹಾಕಿದರು. ಈ ಮಾತುಗಳನ್ನೇ ಹಿಡಿದು ಬಾಲಗಂಗಾಧರ ತಿಲಕರು 1903ರಲ್ಲಿ ಆರ್ಯರ ಮೂಲಸ್ಥಾನವು ಧ್ರುವಪ್ರದೇಶವೆಂದು ಒಂದು ಗ್ರಂಥವನ್ನೇ ಪ್ರಕಟಿಸಿದರು. ವಿದ್ವಾಂಸರು ಆ ವಾದವನ್ನು ಇಂದು ಅಂಗೀಕರಿಸುವುದಿಲ್ಲ. ಇರಲಿ, ಉತ್ತರವು ಕಾಣದವರ ಕಲ್ಪನೆಯನ್ನು ಎಷ್ಟು ದೂರ ಎಳೆಯಬಲ್ಲುದೆಂಬುದಕ್ಕೆ ಇದೂ ಒಂದು ಸಾಕ್ಷಿ.

ಮೊದಲನೆಯ ಒಗಟು ಸುಲಭವಾದುದು. ಕೊಡವಿಲ್ಲದೆ ನೀರನ್ನು ಹೊರುವರು, ಹಂಡೆಯಿಲ್ಲದೆ ಅಂಗಳದಲ್ಲಿ ಕೂಡಿಡುವರು, ಎಲ್ಲಿ? ಯಾಕುತಿಯಾದ ಹಳ್ಳಿಗಳಲ್ಲಿ. ಹೊಳೆಯೂ ಕೆರೆಯೂ ಹೆಪ್ಪುಗಟ್ಟಿದೊಡನೆ ಜನರು ಗರಗಸಗಳನ್ನು ಹಿಡಿದು ಹೋಗಿ, ಕಟ್ಟಡದ ಕಲ್ಲುಗಳನ್ನು ಸೀಳುವಂತೆ ಮಂಜುಗಡ್ಡೆಯನ್ನು ಸೀಳಿ ತರುತ್ತಾರೆ. ಚಳಿಗಾಲಕ್ಕೆ ಬೇಕಾದ ಕುಡಿಯುವ ನೀರು ಮನೆಯ ಮುಂದೆ ಸಾಲಾಗಿ ಪೇರಿಸಿಕೊಂಡಿರುತ್ತದೆ. ಬೇಕಾದಾಗ ಒಂದು ತುಂಡನ್ನು ಒಳಗೆ ತಂದು ಕರಗಿಸಿದರಾಯಿತು. ಹಾಲೂ ಹಾಗೆಯೇ, ಬಟ್ಟಲಿನಲ್ಲಿ ಹೆಪ್ಪುಗಟ್ಟಿದ ಬಿಲ್ಲೆಗಳಾಗಿ ಸಂತೆಗೆ ಬರುತ್ತದೆ, ಕೊಂಡವರು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ.

ಇದರ ಜೊತೆಯ ಒಗಟು ಇನ್ನೊಂದು. ಬೆಳಕು ಬಿಡುವುದು, ಗಾಳಿ ಬಿಡದು, ವಸಂತ ಬಂದರೆ ತಾನೇ ಇಲ್ಲವಾಗುವುದು, ಏನದು? ಗಾಜು ದುರ್ಲಭವಾಗಿದ್ದ ಹಿಂದಿನ ಕಾಲದಲ್ಲಿ ಯಾಕುತರು ತಮ್ಮ ಮರದ ಮನೆಗಳ ಕಿಟಕಿಗಳಿಗೆ ಚಳಿಗಾಲದಲ್ಲಿ ಮಂಜುಗಡ್ಡೆಯ ಹಲಗೆಗಳನ್ನೇ ಕೂರಿಸುತ್ತಿದ್ದರು. ಒಳಗೆ ಒಲೆ ಉರಿಯುತ್ತಿರಲು, ಹೊರಗಿನ ಚಳಿಯೇ ಆ ಕಿಟಕಿಯನ್ನು ಕಾಪಾಡುತ್ತಿದ್ದಿತು.

ಮೂರನೆಯದು ನೀರಿಲ್ಲದ ಬಾವಿಯ ಒಗಟು. ಯಾಕುತ್ಸ್ಕ್ ನಗರದಲ್ಲಿ ಫ್ಯೋದೋರ್ ಶೆರ್ಗಿನ್ ಎಂಬ ವರ್ತಕನೊಬ್ಬನಿದ್ದನು. ಆತನು ರಷ್ಯನ್-ಅಮೆರಿಕನ್ ಕಂಪೆನಿಯ ಕಾರ್ಯಭಾರಿ. 1828ರಲ್ಲಿ ತನ್ನ ಹಿತ್ತಿಲಿನಲ್ಲಿ ಕುಡಿಯುವ ನೀರಿಗಾಗಿ ಬಾವಿಯನ್ನು ತೋಡಿಸಲು ತೊಡಗಿದನು. ನೆಲವು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಅದರ ಕೆಳಗೆ ನೀರು ಸಿಕ್ಕೀತೆಂದು ಅಗೆಯುತ್ತ ಹೋದರು. 1837ರ ಹೊತ್ತಿಗೆ ಬಾವಿಯ ಆಳವು 116 ಮೀಟರುಗಳಾಯಿತು. ನೀರು ಬರಲಿಲ್ಲ. ತಳದಲ್ಲಿಯೂ ಅದೇ ಹೆಪ್ಪುಗಟ್ಟಿದ ಮಣ್ಣು! ಒಂಬತ್ತು ವರ್ಷಗಳ ದುಡಿಮೆಯು ವ್ಯರ್ಥವಾಯಿತೆಂದು ಯಾರಾದರೂ ಹೇಳಿಯಾರು. ಆದರೆ 1844ರಲ್ಲಿ ಮಿಡ್ಡೆನ್‌ಡಾರ್ಫ್ ಎಂಬ ಪಂಡಿತನು ಬಂದು, ಆ ಬಾವಿಯೊಳಕ್ಕೆ ಉಷ್ಣಮಾಪಕಗಳನ್ನಿಳಿಸಿ, ಎಷ್ಟು ಆಳದಲ್ಲಿ ಎಷ್ಟು ಚಳಿಯೆಂಬುದನ್ನು ಅಳೆದನು. ಎಂದೂ ಕರಗದ ನೆಲವೊಂದು ಭೂಮಿಯ ಮೇಲೆ ಉಂಟೆಂಬ ಮಾತನ್ನು ಯೂರೋಪಿನ ವಿದ್ವಾಂಸರು ನಂಬಿದುದು ಅಂಥ ಅಳತೆಗಳಿಂದ. ಶೆರ್ಗಿನ್ನನು ಕೇಳಿದುದು ಒಂದು ಪ್ರಶ್ನೆ, ನೆಲವು ಕೊಟ್ಟುದು ಬೇರೊಂದಕ್ಕೆ ಉತ್ತರ. ಆ ಸೀಮೆಯ ಕೆಲವೆಡೆ ಹೆಪ್ಪು ಸಾವಿರ ಮೀಟರಿಗೂ ಮಿಕ್ಕ ಆಳಕ್ಕೆ ಇಳಿದಿದೆಯೆಂದು ಈಗ ತಿಳಿದುಬಂದಿದೆ.

ನೆಲದೊಳಗೆ ಬಾಳುವುದು, ಗಾಳಿ ಸೋಕಿದೊಡನೆ ಸಾಯುವುದು, ಯಾವ ಪ್ರಾಣಿ? ಸೈಬೀರಿಯಾದ ಜನರು ಹಿಂದೆ ಈ ಪ್ರಶ್ನೆಗೆ ಮ್ಯಾಮತ್ ಎಂದೇ ಉತ್ತರ ಕೊಡುತ್ತಿದ್ದರು. ಹೊಳೆಯ ದಡ ಕುಸಿದಾಗಲೆಲ್ಲ ದೊಡ್ಡ ದೊಡ್ಡ ದಂತಗಳೂ, ಕೆಲವೊಮ್ಮೆ ಚರ್ಮಮಾಂಸಗಳೊಡನೆ ಕೂಡಿದ ಶರೀರವೂ ಹೊರಬೀಳುತ್ತಿದ್ದುವು. ಜೀವದೊಡನೆ ಅದನ್ನು ಕಂಡವರಾರೂ ಇಲ್ಲ. ಆದುದರಿಂದ ಅದು ಹೆಗ್ಗಣದಂತೆ ನೆಲದಡಿಯಲ್ಲಿ ತಿರುಗುವ ಮಹಾಪ್ರಾಣಿ, ಹೊರಗಣ ಗಾಳಿ ತಗುಲಿದರೆ ಬದುಕದು ಎಂದು ಅವರು ಊಹಿಸಿದರು. ನಗುವವರು ನಗಲಿ, ಕಂಡ ಕುರುಹುಗಳಿಗೆ ಇದಕ್ಕಿಂತ ಸರಿಯಾದ ತರ್ಕವು ಆ ಕಾಲಕ್ಕೆ ಇನ್ನೇನಿದ್ದೀತು? 1799ರಲ್ಲಿ ಲೇನಾ ನದಿಯ ಮುಖದಲ್ಲಿ ಶುಮಾಚೋವ್ ಎಂಬ ಎವೆಂಕಿ ಬೇಟೆಗಾರನು ಅಂಥ ಶರೀರವೊಂದನ್ನು ಕಂಡನು. ಆಡಮ್ಸ್ ಎಂಬ ಪಂಡಿತನು 1806ರಲ್ಲಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮಾಂಸದ ಬಹುಭಾಗವನ್ನು ಮೃಗಗಳು ತಿಂದುಹಾಕಿದ್ದುವು. ಉಳಿದ ಅಸ್ಥಿಪಂಜರವು ಇಂದಿಗೂ ಸೇಂಟ್ ಪೀಟರ್ಸ್‌ಬರ್ಗಿನ ವಸ್ತುಸಂಗ್ರಹಾಲಯದಲ್ಲಿದೆ.

ಬಚ್ಚಿಟ್ಟುದು ಅಳಿಲು, ಬೆಳೆಸಿದುದು ಮನುಷ್ಯ, ನಡುವೆ ಕಳೆದುದು ಮೂವತ್ತು ಸಾವಿರ ವರ್ಷ, ಏನದು? ಕೋಲಿಮಾ ನದಿಯ ದಡದಲ್ಲಿ ನೆಲದಳಿಲುಗಳ ಹಳೆಯ ಬಿಲಗಳು ಹೆಪ್ಪಿನೊಳಗೆ ಹುದುಗಿದ್ದುವು. ಅವುಗಳಲ್ಲಿ ಅಳಿಲುಗಳು ಕೂಡಿಟ್ಟಿದ್ದ ಒಂದು ಕಾಡುಗಿಡದ ಎಳೆಗಾಯಿಗಳು ಸಿಕ್ಕಿದುವು. ರಷ್ಯದ ವಿಜ್ಞಾನಿಗಳು ಆ ಕಾಯಿಗಳ ಜೀವಕಣಗಳಿಂದ ಗಿಡಗಳನ್ನೆಬ್ಬಿಸಿದ ಸುದ್ದಿಯನ್ನು 2012ರಲ್ಲಿ ಪ್ರಕಟಿಸಿದರು. ಗಿಡಗಳು ಬಿಳಿಯ ಹೂಗಳನ್ನು ಬಿಟ್ಟುವು, ಬೀಜವನ್ನೂ ಕಟ್ಟಿದುವು. ಲೋಭಿಯ ಧನವು ಪರರ ಪಾಲೆಂದು ಸುಭಾಷಿತಗಳು ಹೇಳುವುದುಂಟು. ಇಷ್ಟು ತಡವಾಗಿ, ಇಷ್ಟು ಚೆಲುವಾಗಿ ಆ ಮಾತು ನಿಜವಾದುದು ಮತ್ತೆಲ್ಲಿಯೂ ಇರಲಾರದು.

ಇಲ್ಲಿಯವರೆಗೆ ಆಟವು ಆಟವಾಗಿಯೇ ಉಂಟು. ಇನ್ನು ಮುಂದಿನ ಒಗಟುಗಳ ಬಗೆ ಬೇರೆ.

ಯಾವ ಊರಿನ ಅಂಗಳದಿಂದ ನಾಳೆಯ ದಿನವು ಕಣ್ಣಿಗೆ ಕಾಣುವುದು? ಸೈಬೀರಿಯಾದ ಮೂಡಣ ತುದಿಯಾಚೆ, ಬೇರಿಂಗ್ ಜಲಸಂಧಿಯ ನಡುವೆ ಡಯೊಮೀಡ್ ಎಂಬ ಎರಡು ದ್ವೀಪಗಳಿವೆ. ದೊಡ್ಡದು ರಷ್ಯಕ್ಕೆ, ಚಿಕ್ಕದು ಅಮೆರಿಕಕ್ಕೆ ಸೇರಿದುವು. ನಡುವಣ ದೂರ ಸುಮಾರು ನಾಲ್ಕು ಕಿಲೋಮೀಟರು. ತಿಥಿ ಬದಲಾಗುವ ರೇಖೆಯು ಅವೆರಡರ ನಡುವೆ ಹಾದಿರುವುದರಿಂದ, ಚಿಕ್ಕ ದ್ವೀಪದಲ್ಲಿ ಸೋಮವಾರವಿರುವಾಗ ಎದುರಿನ ಬೆಟ್ಟದ ಮೇಲೆ ಮಂಗಳವಾರದ ಬಿಸಿಲು. ಉತ್ತರವನ್ನು ಕೇಳಿದ ಮಗುವು ಚಪ್ಪಾಳೆ ತಟ್ಟೀತು. ಆದರೆ ಆ ಎರಡು ದ್ವೀಪಗಳ ಮೂಲನಿವಾಸಿಗಳು ಒಂದೇ ಬಳಗದವರು. ಕೊಡುವುದೂ ತರುವುದೂ ಅವರಲ್ಲಿ ತಲೆತಲಾಂತರದಿಂದ ನಡೆದುಬಂದಿದ್ದಿತು. 1948ರಲ್ಲಿ ಗಡಿಯನ್ನು ಮುಚ್ಚಿದರು. ದೊಡ್ಡ ದ್ವೀಪದವರನ್ನು ಅಲ್ಲಿಂದ ಎಬ್ಬಿಸಿ ಒಳನಾಡಿಗೆ ಕಳುಹಿದರು. ನಾಳೆಯು ಕಾಣುವ ಆ ಊರಿನಿಂದ ನೆಂಟರ ಮನೆಯ ಹೊಗೆಯು ಕಾಣದಾಯಿತು.

ಗೋಡೆಯಿಲ್ಲ, ಆದರೂ ಸೆರೆಮನೆ, ಯಾವುದು? ಅಳಿಲಿನ ಕಾಯಿ ಸಿಕ್ಕಿದ ಆ ಕೋಲಿಮಾ ಸೀಮೆಯೇ. ಅಲ್ಲಿ ಚಿನ್ನದ ಗಣಿಗಳಿವೆ. 1930ರ ದಶಕದಿಂದ 1950ರ ದಶಕದವರೆಗೆ ಸೋವಿಯತ್ ಸರಕಾರವು ಲಕ್ಷಾಂತರ ಬಂದಿಗಳನ್ನು ಅಲ್ಲಿಗೆ ಸಾಗಿಸಿ ದುಡಿಸಿತು. ಓಡಿಹೋಗಬಯಸಿದವನಿಗೆ ಸುತ್ತಣ ಚಳಿಯೂ ದೂರವೂ ಸಾಕಾದ ಕಾವಲು. ಬಂದಿಗಳು ಕಡಿದ ಹೆದ್ದಾರಿಗೆ ಜನರು ಎಲುಬಿನ ದಾರಿಯೆಂದು ಹೆಸರಿಟ್ಟರು. ವರ್ಲಾಮ್ ಶಲಾಮೊವ್ ಎಂಬ ಲೇಖಕನು 1937ರಲ್ಲಿ ಅಲ್ಲಿಗೆ ಹೋದ ಬಂದಿಗಳಲ್ಲೊಬ್ಬ. ಬದುಕಿ ಮರಳಿ, ಕೋಲಿಮಾದ ಕಥೆಗಳನ್ನು ಬರೆದನು. ಈ ಒಗಟಿಗೆ ಉತ್ತರ ಹೇಳಿದವನು ಮೆಚ್ಚುಗೆಯನ್ನು ಬಯಸುವಂತಿಲ್ಲ.

ಹಾಗಾದರೆ ಚಳಿಯು ಆ ನಾಡಿನ ಶತ್ರುವೇ? ಹೊರಗಿನವರಿಗೆ ಹಾಗೆ ತೋರುವುದು ಸಹಜ. ಯಾಕುತರನ್ನು ಕೇಳಿದರೆ ಉತ್ತರವು ಬೇರೆಯಾದೀತು. ಯಾಕುತ್ಸ್ಕಿನ ಬಳಿ ಲೇನಾ ನದಿಯು ಹಲವು ಕಿಲೋಮೀಟರು ಅಗಲ. ಅದಕ್ಕೆ ಬಹುಕಾಲ ಸೇತುವೆಯೇ ಇರಲಿಲ್ಲ. ಬೇಸಗೆಯಲ್ಲಿ ದೋಣಿ, ಚಳಿಗಾಲದಲ್ಲಿ ನದಿಯೇ ರಸ್ತೆ, ಅದರ ಮೇಲೆ ತುಂಬಿದ ಲಾರಿಗಳು ಓಡುವುವು. ಮಂಜು ಕಟ್ಟುವ ಮತ್ತು ಒಡೆಯುವ ನಡುಗಾಲದಲ್ಲಿ ಮಾತ್ರ ಈ ದಡದವರು ಈ ದಡ, ಆ ದಡದವರು ಆ ದಡ. ನೆಲವನ್ನು ಅಗೆದರೆ ಅದೇ ಉಗ್ರಾಣ. ಮಾಂಸವೂ ಮೀನೂ ಅಲ್ಲಿ ಕೆಡುವುದಿಲ್ಲ. ನಗರದ ದೊಡ್ಡ ಮನೆಗಳು ನೆಲದಿಂದ ಮೇಲಕ್ಕೆ ಕಂಬಗಳ ಮೇಲೆ ನಿಂತಿವೆ. ಒಲೆಯ ಕಾವು ಕೆಳಗಿಳಿದರೆ ನೆಲ ಕರಗಿ ಮನೆಯೇ ಕುಸಿದೀತೆಂಬ ಭಯದಿಂದ. ಅಲ್ಲಿನ ಕುದುರೆಗಳು ಚಳಿಗಾಲವೆಲ್ಲ ಬಯಲಿನಲ್ಲಿಯೇ ಇದ್ದು, ಗೊರಸಿನಿಂದ ಹಿಮವನ್ನು ಕೆದಕಿ ಹುಲ್ಲು ಮೇಯುವುವು. ಓಲೋಂಖೋ ಎಂಬ ವೀರಗಾಥೆಗಳನ್ನು ಹಾಡುವ, ಬೇಸಗೆಯ ನಡುದಿನದಲ್ಲಿ ಕುದುರೆಯ ಹಾಲಿನ ಪಾನೀಯವನ್ನು ಹಂಚಿ ಹಬ್ಬ ಮಾಡುವ ಜನರು ಅಲ್ಲಿ ಬಾಳುತ್ತಿರುವರು. ಆ ನಾಡನ್ನು ನಿರ್ಜನವೆಂದು ಕರೆಯುವುದು ದೂರದವರ ಅಭ್ಯಾಸ.

ಕೊನೆಗೆ ಎಲ್ಲರಿಗೂ ಗೊತ್ತಿರುವ ಪ್ರಶ್ನೆ: ಜನವಸತಿಯುಳ್ಳ ಸ್ಥಳಗಳಲ್ಲಿ ಅತ್ಯಂತ ಚಳಿಯಾದುದು ಯಾವುದು? ಈ ಕೀರ್ತಿಗೆ ಯಾಕುತಿಯಾದ ಎರಡು ಊರುಗಳು ಹೋರಾಡುತ್ತವೆ. 1892ರ ಫೆಬ್ರುವರಿಯಲ್ಲಿ ವೆರ್ಖೊಯಾನ್ಸ್ಕಿನಲ್ಲಿ ಸೊನ್ನೆಯ ಕೆಳಗೆ 67.8 ಡಿಗ್ರಿ, 1933ರ ಫೆಬ್ರುವರಿಯಲ್ಲಿ ಒಯ್ಮ್ಯಾಕೋನಿನಲ್ಲಿ 67.7 ಡಿಗ್ರಿ. ಅಂಥ ಚಳಿಯಲ್ಲಿ ಬಿಟ್ಟ ಉಸಿರು ಹೆಪ್ಪುಗಟ್ಟಿ ಸರಸರನೆ ಸದ್ದು ಮಾಡುವುದೆಂದೂ, ಆ ಸದ್ದಿಗೆ ನಕ್ಷತ್ರಗಳ ಪಿಸುಮಾತೆಂದು ಹೆಸರೆಂದೂ ಹೇಳುವರು. ಆದರೆ ಅದೇ ವೆರ್ಖೊಯಾನ್ಸ್ಕಿನಲ್ಲಿ 2020ರ ಜೂನ್ 20ರಂದು ಉಷ್ಣತೆಯು 38 ಡಿಗ್ರಿಗೆ ಏರಿತು. ಧ್ರುವವೃತ್ತದ ಒಳಗೆ ದಾಖಲೆಯಾದ ಅತ್ಯಧಿಕ ಉಷ್ಣತೆ ಅದೆಂದು ವಿಶ್ವ ಹವಾಮಾನ ಸಂಸ್ಥೆಯು 2021ರಲ್ಲಿ ನಿರ್ಣಯಿಸಿತು. ಅಲ್ಲಿಗೆ ಸಮೀಪದ ಬಟಗಾಯ್ ಎಂಬಲ್ಲಿ, ಹಿಂದೆ ಕಾಡು ಕಡಿದ ಜಾಗದಲ್ಲಿ, ನೆಲವು ಕರಗಿ ಕುಸಿದು ಸುಮಾರು ಒಂದು ಕಿಲೋಮೀಟರು ಉದ್ದದ ಕಂದಕವಾಗಿದೆ. ವರ್ಷ ವರ್ಷವೂ ಅದು ಬೆಳೆಯುತ್ತಿದೆ. ಸ್ಥಳಿಕರು ಅದನ್ನು ಪಾತಾಳದ ಬಾಗಿಲೆನ್ನುವರು. ಉತ್ತರದ ಹೆಪ್ಪುಗಟ್ಟಿದ ನೆಲಗಳಲ್ಲಿ ಅಡಗಿರುವ ಇಂಗಾಲವು ಇಂದು ಗಾಳಿಯಲ್ಲಿರುವುದರ ಸುಮಾರು ಎರಡರಷ್ಟು. ಆ ಬಾಗಿಲು ತೆರೆದರೆ ಬರುವ ಬಿಸಿಯು ಯಾಕುತಿಯಾದಲ್ಲಿಯೇ ನಿಲ್ಲುವುದಿಲ್ಲ.

ಒಗಟಿನ ಸೊಗಸೆಲ್ಲ ಉತ್ತರವು ನಿಶ್ಚಲವಾಗಿರುವುದರಲ್ಲಿದೆ. ಅಜ್ಜಿ ಕೇಳಿದಾಗ ಯಾವ ಉತ್ತರವೋ ಮೊಮ್ಮಗಳು ಕೇಳಿದಾಗಲೂ ಅದೇ. ಕೊಡವಿಲ್ಲದ ನೀರು, ಕೆಡದ ಮಾಂಸ, ನದಿಯ ಮೇಲಣ ರಸ್ತೆ, ಅಳಿಲಿನ ಕಣಜ, ಇವೆಲ್ಲಕ್ಕೂ ಆಧಾರವಾಗಿ ನಿಂತಿರುವುದು ಒಂದೇ ಚಳಿ. ಅದು ಸಡಿಲಿದರೆ ಒಗಟುಗಳು ಉಳಿದಾವು, ಉತ್ತರಗಳು ಉಳಿಯವು.

ಶೆರ್ಗಿನ್ನನ ಬಾವಿಯನ್ನು ಯಾಕುತ್ಸ್ಕಿನವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಬಾವಿಯನ್ನು ತೋಡಿಸಿದವರಿಗೆಲ್ಲ ನೀರು ತುಂಬಿ ಬರಲೆಂದು ಹರಸುವುದು ಲೋಕರೂಢಿ. ಆ ಒಂದು ಬಾವಿಗೆ ಮಾತ್ರ ಎಂದೆಂದಿಗೂ ನೀರು ಬಾರದಿರಲಿ.