ಹೆಬ್ಬೆಟ್ಟಿನ ಕಾಲ ಮರಳಿ ಬಂತು

‘ಹೆಬ್ಬೆಟ್ಟು’ ಎನ್ನುವುದು ನಮ್ಮ ಕಡೆ ಒಂದು ಬೈಗುಳ. ‘ಅವನೇನು ಬಿಡು, ಬರೇ ಹೆಬ್ಬೆಟ್ಟು’ ಅಂದರೆ ಓದು ಬರಹ ಬಾರದವನು, ಎಲ್ಲಿ ಒತ್ತೆಂದರೆ ಅಲ್ಲಿ ಒತ್ತುವವನು ಎಂದು ಅರ್ಥ. ಹೊಲ ಕಳೆದುಕೊಂಡ ಮನೆತನಗಳ ಕಥೆ ಕೇಳಿದರೆ ಹೆಚ್ಚಿನವು ಒಂದು ಹೆಬ್ಬೆಟ್ಟಿನಿಂದಲೇ ಸುರುವಾಗುತ್ತವೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಅದಾದ ಕೆಲವು ವರ್ಷಗಳಿಗೆ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದೆ. ಹಗಲು ಮಕ್ಕಳಿಗೆ, ಸಂಜೆ ಅವರ ಅವ್ವಂದಿರಿಗೆ ಅಕ್ಷರ ಕಲಿಸುವ ಕಾಲ ಅದು. ರೊಟ್ಟಿ ಬಡಿದು, ದನ ಕಟ್ಟಿ, ಗುಡಿಯ ಕಟ್ಟೆಗೆ ಬಂದು ಕೂಡುತ್ತಿದ್ದ ಆ ಹೆಂಗಸರಿಗೆ ಕಾಗುಣಿತ ಬಂದಿತೋ ಇಲ್ಲವೋ, ತಮ್ಮ ಹೆಸರು ಬರೆಯಲು ಮಾತ್ರ ಬಂದಿತು. ಸಹಿ ಮಾಡಿ ಸಂಘದ ದುಡ್ಡು ಎಣಿಸಿಕೊಂಡ ದಿನ ಒಬ್ಬಾಕೆ ಮನೆಮನೆಗೆ ಸಕ್ಕರೆ ಹಂಚಿದ್ದಳು.

ಈಗ ಅದೇ ಹೆಣ್ಣುಮಕ್ಕಳು ಸಂತೆಯಲ್ಲಿ ಸಿಕ್ಕರೆ ನಗುತ್ತಾರೆ. “ಅಕ್ಕಾರ, ನೀವು ಕಲಿಸಿದ ಸಹಿ ಎಲ್ಲೂ ನಡೀವಲ್ದಲ್ರೀ. ಎಲ್ಲಿ ಹೋದ್ರೂ ಬಟ್ಟ ಒತ್ತು ಅಂತಾರ!” ಮಾತು ನಿಜ. ರೇಷನ್ ಅಂಗಡಿಯಲ್ಲಿ ಬಟ್ಟು, ಬ್ಯಾಂಕಿನ ಮಿತ್ರ ಊರಿಗೆ ಬಂದರೆ ಬಟ್ಟು, ಹೊಸ ಸಿಮ್ ಕೊಳ್ಳಬೇಕಾದರೂ ಬಟ್ಟು. ಎಂ.ಎ. ಓದಿದವಳೂ ಒತ್ತಬೇಕು, ಒಂದಕ್ಷರ ಬಾರದವಳೂ ಒತ್ತಬೇಕು. ಸಮಾನತೆ ಅಂದರೆ ಹೀಗಿರಬೇಕು ನೋಡಿ.

ಬೆರಳಿನ ಗುರುತಿನ ಹುಟ್ಟೂ ನಮ್ಮ ದೇಶದಲ್ಲಿಯೇ ಆಗಿದೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಗುತ್ತಿಗೆದಾರನೊಬ್ಬ ಮುಂದೆ ಮಾತಿಗೆ ತಪ್ಪಬಾರದೆಂದು ಕರಾರಿನ ಕಾಗದದ ಮೇಲೆ ಅವನ ಇಡೀ ಅಂಗೈಯನ್ನೇ ಒತ್ತಿಸಿಕೊಂಡನಂತೆ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ತೆರೆಯಿತು. ಅದು ಅಪರಾಧಿಗಳ ಗುರುತು ಹಿಡಿಯಲಿಕ್ಕೆ. ಕಳ್ಳರಿಗಾಗಿ ಬೆಳೆಸಿದ ಆ ವಿದ್ಯೆ ನೂರು ವರ್ಷ ದಾಟಿದ ಮೇಲೆ ಅಕ್ಕಿ ಒಯ್ಯುವ ಮುದುಕಿಯರ ಪಾಲಿಗೆ ಬಂತು.

ಆಧಾರದ ಪ್ರಾಧಿಕಾರ ಹುಟ್ಟಿದ್ದು 2009ರಲ್ಲಿ. ಅದರ ಮೊದಲ ಅಧ್ಯಕ್ಷರಾದ ನಂದನ್ ನಿಲೇಕಣಿಯವರು ಹುಡುಗರಾಗಿದ್ದಾಗ ನಮ್ಮ ಧಾರವಾಡದ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದವರು. ಹಾಗಾಗಿ ಇದರಲ್ಲಿ ಧಾರವಾಡದ ನೀರಿನ ಪಾಲೂ ಸ್ವಲ್ಪ ಇದೆ ಅನ್ನಬಹುದು. ಮೊದಲ ಸಂಖ್ಯೆ ಸಿಕ್ಕಿದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭಲಿ ಎಂಬ ಹಳ್ಳಿಯ ಒಬ್ಬ ಬಡ ಹೆಣ್ಣುಮಗಳಿಗೆ. ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ. ಇಷ್ಟಕ್ಕೆ ಹನ್ನೆರಡು ಅಂಕಿ. ಈಗ 130 ಕೋಟಿಗೂ ಮೇಲೆ ಅಂಕಿಗಳನ್ನು ಕೊಟ್ಟಾಗಿದೆ.

ಇದರಿಂದ ಒಳ್ಳೆಯದಾಗಿಲ್ಲವೆಂದು ನಾನು ಹೇಳಲಾರೆ. ನಮ್ಮ ಹಳ್ಳಿಯ ಹೆಂಗಸರ ಹೆಸರಿನಲ್ಲಿ ಮೊದಲು ಏನಿತ್ತು ಹೇಳಿ? ಹೊಲದ ಉತಾರ ಗಂಡನ ಹೆಸರಿಗೆ, ಮನೆ ಮಾವನ ಹೆಸರಿಗೆ, ಸಾಲದ ಖಾತೆ ಮಗನ ಹೆಸರಿಗೆ. ತನ್ನ ಫೋಟೋ, ತನ್ನ ಹೆಸರು ಇರುವ ಒಂದು ಕಾರ್ಡು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳಲಿಕ್ಕೆ ಸಿಕ್ಕಿದ್ದು ಎಷ್ಟೋ ಜನರಿಗೆ ಇದೇ ಮೊದಲು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಂತೂ ಆ ಕಾರ್ಡೇ ಬಸ್ಸಿನ ಪಾಸು. ತೋರಿಸಿದರೆ ಶೂನ್ಯ ಟಿಕೆಟ್. ಗಂಡನ ಮುಂದೆ ಕೈಯೊಡ್ಡದೆ ತವರಿಗೆ ಹೋಗಿ ಬರುವ ಸುಖ ಏನೆಂಬುದನ್ನು ಗಂಡಸರಿಗೆ ತಿಳಿಸಿ ಹೇಳುವುದು ಕಷ್ಟ. ಸೊಲ್ಲಾಪುರದ ಕಡೆ ಕೊಟ್ಟ ಮಗಳು ಮಾತ್ರ ಪಾಪ, ಕಾರ್ಡಿನಲ್ಲಿ ಮಹಾರಾಷ್ಟ್ರದ ವಿಳಾಸವಿದೆಯೆಂದು ತವರಿನ ಬಸ್ಸಿನಲ್ಲೂ ದುಡ್ಡು ಕೊಟ್ಟು ಕೂಡುತ್ತಾಳೆ.

ಗೃಹಲಕ್ಷ್ಮಿಯದು ಇನ್ನೊಂದು ಬಗೆ. 2023ರ ಆಗಸ್ಟ್ 30ರಂದು ಆರಂಭವಾದ ಈ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ನಡುವೆ ಯಾರ ಕೈಯೂ ಇಲ್ಲ, ನೇರ ಅವಳ ಖಾತೆಗೆ. ಆದರೆ ಯಾವ ಖಾತೆಗೆ? ಹಣ ಆಧಾರವನ್ನು ಹಿಡಿದು ಹೋಗುತ್ತದೆ. ಕಡೆಯದಾಗಿ ಯಾವ ಬ್ಯಾಂಕು ಆಧಾರಕ್ಕೆ ಜೋಡಿಯಾಗಿದೆಯೋ ಅಲ್ಲಿಗೆ. ಎಂದೋ ಸಂಘದ ಸಾಲಕ್ಕೆಂದು ತೆರೆದು ಮರೆತ ಖಾತೆಗೆ ದುಡ್ಡು ಹೋಗಿ ಕೂತಿರುತ್ತದೆ. ಈಕೆ ಮಾತ್ರ ತನ್ನ ಪಾಸ್‌ಬುಕ್ಕು ಹಿಡಿದು ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುತ್ತಾಳೆ. ಅಂಥ ಪಾಸ್‌ಬುಕ್ಕುಗಳನ್ನು ಓದಿ ಹೇಳುವುದು ಈಗ ನಮ್ಮಂಥ ಶಿಕ್ಷಕಿಯರ ಪಾಲಿನ ಕೆಲಸವಾಗಿದೆ.

ಹೆಸರಿನ ಗೊಂದಲ ಬೇರೆ. ತವರಿನಲ್ಲಿ ಒಂದು ಹೆಸರು, ಲಗ್ನದಲ್ಲಿ ಅಕ್ಕಿಯ ಮೇಲೆ ಬರೆದು ಇಟ್ಟ ಇನ್ನೊಂದು ಹೆಸರು. ರೇಷನ್ ಕಾರ್ಡಿನಲ್ಲಿ ‘ಅವ್ವ’, ಆಧಾರದಲ್ಲಿ ‘ಅಮ್ಮ’. ಓಣಿಯಲ್ಲಿ ಇಬ್ಬರೂ ಒಬ್ಬಳೇ, ಕಂಪ್ಯೂಟರಿಗೆ ಇಬ್ಬರು. ಹುಟ್ಟಿದ ದಿನದ್ದಂತೂ ಕೇಳಲೇಬೇಡಿ. ಹಿಂದಿನ ಹೆಡ್ ಮಾಸ್ತರರು ಶಾಲೆಗೆ ಬಂದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆಧಾರದವರು ವಯಸ್ಸನ್ನಷ್ಟೇ ಹೇಳಿದವರಿಗೆಲ್ಲ ಜನವರಿ 1 ಎಂದು ಬರೆದರು. ಹೀಗಾಗಿ ನಮ್ಮ ತಾಲೂಕಿನ ಅರ್ಧ ಜನ ವರ್ಷಕ್ಕೆ ಎರಡು ಸಲ ಹುಟ್ಟುತ್ತಾರೆ! ನಗೆ ಬರುತ್ತದೆ, ಆದರೆ ಮಗಳ ವಿದ್ಯಾರ್ಥಿವೇತನ ಅವ್ವನ ಹೆಸರಿನ ಒಂದು ಅಕ್ಷರಕ್ಕೆ ನಿಂತುಹೋದಾಗ ಬರುವುದಿಲ್ಲ. 2017ರಲ್ಲಿ ಶಾಲೆಯ ಬಿಸಿಯೂಟಕ್ಕೂ ಆಧಾರ ಬೇಕೆಂದು ಕೇಂದ್ರ ಸರಕಾರ ಹೇಳಿತ್ತು. ಗದ್ದಲವಾದ ಮೇಲೆ, ಇಲ್ಲವೆಂದು ಯಾವ ಮಗುವಿಗೂ ಊಟ ತಪ್ಪಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತ ಮಗುವಿನ ಕಾರ್ಡು ಕೇಳುವ ಎದೆ ಯಾವ ಅಡುಗೆಯವಳಿಗಿದ್ದೀತು?

ಇದನ್ನೆಲ್ಲ ಕೋರ್ಟಿಗೆ ಒಯ್ದವರೂ ನಮ್ಮ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರು ತುಂಬಿದ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ಆ ಪ್ರಕರಣದಲ್ಲಿಯೇ. 2018ರ ಸೆಪ್ಟೆಂಬರ್ 26ರಂದು ಸರಕಾರದ ಸವಲತ್ತುಗಳಿಗೆ ಆಧಾರ ಕೇಳಬಹುದೆಂದು ನಾಲ್ವರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಶಾಲೆಯ ಪ್ರವೇಶಕ್ಕೆ ಕಡ್ಡಾಯ ಮಾಡಬಾರದೆಂದೂ ಅದೇ ತೀರ್ಪಿನಲ್ಲಿದೆ. ಆ ವಿಚಾರಣೆಯ ವೇಳೆ ಪ್ರಾಧಿಕಾರವೇ ಕೋರ್ಟಿಗೆ ಹೇಳಿದ ಲೆಕ್ಕವೊಂದುಂಟು: ಸರಕಾರಿ ಸೇವೆಗಳಲ್ಲಿ ಗುರುತು ಹೊಂದಿಕೆಯಾಗುವುದು ನೂರಕ್ಕೆ 88. ಮಕ್ಕಳಿಗೆ ನೂರಕ್ಕೆ 88 ಬಂದರೆ ನಾವು ಬೆನ್ನು ತಟ್ಟುತ್ತೇವೆ. ಇಲ್ಲಿ ನನ್ನ ಕಣ್ಣಿಗೆ ಕಾಣುವುದು ಉಳಿದ ಹನ್ನೆರಡು. 2017ರ ಜುಲೈಯಲ್ಲಿ ಗೋಕರ್ಣದ ಬಳಿ ಒಂದು ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ತೀರಿಕೊಂಡರು. ಆಧಾರ ಜೋಡಣೆಯಾಗಿಲ್ಲವೆಂದು ಅವರಿಗೆ ರೇಷನ್ ನಿಂತಿತ್ತು, ಹಸಿವಿನಿಂದ ಸತ್ತರು ಎಂದು ಪಿ.ಯು.ಸಿ.ಎಲ್. ಸಂಘಟನೆ ಹೇಳಿತು, ಅಧಿಕಾರಿಗಳು ಹಸಿವಿನಿಂದಲ್ಲ ಎಂದರು. ಹೇಗೆ ಸತ್ತರೆಂಬ ವಾದ ಏನೇ ಇರಲಿ, ಬಡವರ ಮನೆಯ ಅಕ್ಕಿಗೂ ಒಂದು ಅಂಕಿಗೂ ಗಂಟು ಹಾಕಿದ್ದೇ ನನಗೆ ಸರಿ ಕಾಣುವುದಿಲ್ಲ.

ಆ ಹನ್ನೆರಡರಲ್ಲಿ ಒಬ್ಬಳು ನಮ್ಮ ಓಣಿಯಲ್ಲಿದ್ದಾಳೆ. ಎಲ್ಲರೂ ಆಯಿ ಎನ್ನುತ್ತೇವೆ. ಗಂಡ ತೀರಿ ಎಷ್ಟೋ ವರ್ಷವಾಯಿತು, ಮಕ್ಕಳಿಲ್ಲ. ಶೇಂಗಾ ಕೀಳುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ಎರಿ ಹೊಲದಲ್ಲಿ ಜೀವನ ಸವೆಸಿದವಳು. ಜೀವನದೊಂದಿಗೆ ಬೆರಳೂ ಸವೆದಿವೆ. ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ತಲೆಗೂದಲಿಗೆ ತಿಕ್ಕಿ ಒತ್ತಿದಳು, ಲಿಂಬಿಹಣ್ಣಿನಿಂದ ತೊಳೆದು ಒತ್ತಿದಳು, ಸೆರಗಿನಿಂದ ಒರೆಸಿ ಒತ್ತಿದಳು. ಮನೆಯಲ್ಲಿ ನಾಲ್ಕು ಜನ ಇದ್ದವರಿಗೆ ಇದು ಸಮಸ್ಯೆಯೇ ಅಲ್ಲ. ಒಬ್ಬರದು ಬಾರದಿದ್ದರೆ ಇನ್ನೊಬ್ಬರು ಒತ್ತುತ್ತಾರೆ. ಒಂಟಿ ಮುದುಕಿಯ ಕಾರ್ಡಿನಲ್ಲಿ ಇನ್ನೊಬ್ಬರು ಎಲ್ಲಿಂದ ಬರಬೇಕು? ಮೊಬೈಲಿಗೆ ಬರುವ ಒಟಿಪಿ ಹೇಳಿದರೂ ನಡೆಯುತ್ತದೆ ಎಂದರು. ಆ ಮೊಬೈಲು ಮೈದುನನ ಮಗನದು. ಅವನು ಗೋವಾಕ್ಕೆ ದುಡಿಯಲು ಹೋಗಿ ಸಿಮ್ಮನ್ನೇ ಬದಲಿಸಿದ್ದ.

ಅಂಗಡಿಯವನಿಗೆ ಆಯಿ ಹೊಸಬಳೇ? ಅವನ ಅವ್ವನ ಬಾಣಂತನಕ್ಕೆ ನೀರು ಕಾಸಿದವಳು ಈಕೆ. “ನನಗ ನೀ ಯಾರಂತ ಗೊತ್ತದ ಆಯಿ, ಮಷಿನ್ನಿಗೆ ಗೊತ್ತಿಲ್ಲ” ಎಂದು ಅವನೂ ಮುಖ ಸಣ್ಣದು ಮಾಡಿಕೊಂಡ. ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ತಾನು ಕಣ್ಣಾರೆ ಬಲ್ಲದ್ದನ್ನು ನಂಬುವ ಅಧಿಕಾರ ಅವನಿಗಿಲ್ಲ. ಎರಡು ತಿಂಗಳು ಆಯಿ ಅಕ್ಕಿಯಿಲ್ಲದೆ ತಿರುಗಿ ಬಂದಳು. ಓಣಿಯವರು ಒಂದೊಂದು ಸೇರು ಜೋಳ ಕೊಟ್ಟೆವು. ಕೈಯೊಡ್ಡಿ ಅಭ್ಯಾಸವಿಲ್ಲದ ಜೀವ. ಜೋಳ ತೆಗೆದುಕೊಂಡ ಮನೆಯ ಅಂಗಳ ಮರುದಿನ ಕಸ ಹೊಡೆದು ಹೋಗುತ್ತಿದ್ದಳು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನೇ ಆಧಾರ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಪಾಳಿ ಬರುವಷ್ಟರಲ್ಲಿ ಸರ್ವರ್ ಹೋಯಿತು. ಸೋಮವಾರ ರಜೆ ಹಾಕಿ ಮತ್ತೆ ಹೋದೆವು. ಕಣ್ಣಿಗೆ ಪೊರೆ ಬಂದಿತ್ತು, ಅದೂ ಸರಿಯಾಗಿ ಹಿಡಿಯಲಿಲ್ಲ. ಅಲ್ಲಿದ್ದ ಹುಡುಗ ಒಳ್ಳೆಯವನು. “ಹತ್ತೂ ಬಟ್ಟ ಒಂದೊಂದs ನೋಡೂಣ್ರಿ ಅಜ್ಜಿ” ಎಂದು ತಾಳ್ಮೆಯಿಂದ ಒತ್ತಿಸುತ್ತ ಹೋದ. ಹೆಬ್ಬೆಟ್ಟು ಎರಡೂ ಇಲ್ಲ. ತೋರುಬೆರಳು ಇಲ್ಲ. ಕಡೆಗೆ ಎಡಗೈಯ ಉಂಗುರದ ಬೆರಳು ಚೆನ್ನಾಗಿ ಮೂಡಿತು. ಆಯಿ ಆ ಬೆರಳನ್ನು ಬಹಳ ಹೊತ್ತು ನೋಡಿದಳು. “ಇದೊಂದು ದುಡದಿಲ್ಲ ನೋಡ್ರಿ ಅಕ್ಕಾರ, ಅದಕ್ಕs ಉಳದೈತಿ” ಎಂದಳು. ಮೊಬೈಲ್ ನಂಬರಿನ ಜಾಗದಲ್ಲಿ ಪಕ್ಕದ ಮನೆಯ ಸೊಸೆಯ ನಂಬರು ಬರೆಸಿ ಬಂದೆವು.

ಈಗ ತಿಂಗಳ ಅಕ್ಕಿ ಬರುತ್ತಿದೆ. ಯಂತ್ರದ ಮುಂದೆ ಬೇರೆಯವರೆಲ್ಲ ಹೆಬ್ಬೆಟ್ಟು ಚಾಚಿದರೆ ಆಯಿ ಎಡಗೈ ಮುಂದೆ ಮಾಡುತ್ತಾಳೆ. ಮೊನ್ನೆ ಮೆಣಸಿನಕಾಯಿ ಹರಿಯುವ ಸುಗ್ಗಿಯಲ್ಲಿ ಹೊಲಕ್ಕೆ ಹೊರಟವಳನ್ನು ನೋಡಿದೆ. ಆ ಒಂದು ಬೆರಳಿಗೆ ಹಳೆಯ ಸೀರೆಯ ಚಿಂದಿ ಸುತ್ತಿ, ಹಲ್ಲಿನಿಂದ ಗಂಟು ಬಿಗಿಯುತ್ತಿದ್ದಳು.