ಯಾವುದರಲ್ಲಿ ಬಲ್ಲವರು?

ಮಂಡ್ಯದ ಸಮೀಪದ ವಿ.ಸಿ. ಫಾರಂ ಎಂಬ ಹೆಸರಿನ ಮೊದಲೆರಡು ಅಕ್ಷರಗಳು ವಿಶ್ವೇಶ್ವರಯ್ಯ ಕಾಲುವೆಯನ್ನು ಸೂಚಿಸುತ್ತವೆ. ಕನ್ನಂಬಾಡಿಯ ನೀರು ಹರಿಯುವ ಈ ಸೀಮೆಯಲ್ಲಿ ನೆಲೆಗೊಂಡ ಆ ಕೃಷಿ ಸಂಶೋಧನಾ ಕೇಂದ್ರವು ಭತ್ತ, ಕಬ್ಬು, ರಾಗಿಗಳ ಅನೇಕ ತಳಿಗಳನ್ನು ನಾಡಿಗೆ ನೀಡಿದೆ. ಅಲ್ಲಿ ದುಡಿದ ವಿಜ್ಞಾನಿಗಳು ಹಲವರು. ಅವರಲ್ಲಿ ರೈತರ ನಾಲಗೆಯ ಮೇಲೆ ಭದ್ರವಾಗಿ ಉಳಿದ ಒಂದು ಹೆಸರು ‘ರಾಗಿ ಲಕ್ಷ್ಮಣಯ್ಯ’ ಎಂಬುದು.

ರಾಗಿಯ ಹೂವು ಬಹಳ ಸಣ್ಣದು. ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂಥದು. ಆದುದರಿಂದ ಒಂದು ತಳಿಯನ್ನು ಮತ್ತೊಂದರೊಡನೆ ಕೂಡಿಸುವುದಕ್ಕೆ ಅಪಾರ ತಾಳ್ಮೆ ಬೇಕು. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಹೆಚ್ಚು ಇಳುವರಿಯ ತಳಿಗಳನ್ನು ಪಡೆದರು. ಎರಡು ನೆಲಗಳ ಹೆಸರಿನ ಮೊದಲ ಭಾಗಗಳು ಸೇರಿ ‘ಇಂಡಾಫ್’ ಆಯಿತು. ನಮ್ಮ ಮನೆಗಳಲ್ಲಿ ಮುದ್ದೆ ಉಂಡವರು ಆ ಶ್ರಮದ ಫಲವನ್ನೂ ಉಂಡಿದ್ದಾರೆ. ಜನರು ಅವರಿಗೆ ‘ತಳಿವಿಜ್ಞಾನಿ’ ಎಂಬ ಪದವನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. ಹೆಸರಿಗೆ ಮೊದಲು ಬೆಳೆಯ ಹೆಸರನ್ನೇ ಇಟ್ಟುಬಿಟ್ಟರು. ಮೈಸೂರು ಸೀಮೆಗೆ ಈ ರೂಢಿ ಹೊಸದಲ್ಲ. ವೀಣೆ ಶೇಷಣ್ಣ, ಪಿಟೀಲು ಚೌಡಯ್ಯ ಎಂಬ ಹೆಸರುಗಳೂ ಹೀಗೆಯೇ ಆದವು. ವ್ಯಕ್ತಿಯು ಏನನ್ನು ಬಲ್ಲನೋ ಅದು ಹೆಸರಿನಲ್ಲೇ ಇರುತ್ತದೆ, ಅವನ ಎಲ್ಲೆಯೂ ಅಲ್ಲಿಯೇ ತಿಳಿಯುತ್ತದೆ.

ಕನ್ನಡದ ‘ತಜ್ಞ’ ಎಂಬ ಪದವನ್ನು ಬಿಡಿಸಿದರೆ ‘ತತ್’ ಮತ್ತು ‘ಜ್ಞ’ ಎಂದಾಗುತ್ತದೆ. ಅದನ್ನು ಬಲ್ಲವನು ಎಂದರ್ಥ. ‘ಅದು’ ಯಾವುದು ಎಂದು ಹೇಳದೆ ಯಾರನ್ನಾದರೂ ತಜ್ಞ ಎಂದರೆ ಪದದ ಅರ್ಧ ಖಾಲಿಯಾಗಿಯೇ ಉಳಿಯುತ್ತದೆ. ಅರಬಿಯ ‘ಮಾಹಿರ್’ ಕೂಡ ಹಾಗೆಯೇ. ಹದೀಸಿನಲ್ಲಿ ಆ ಪದವು ಬಂದಾಗ ‘ಕುರ್‌ಆನಿನಲ್ಲಿ’ ಎಂಬುದೂ ಜೊತೆಗೇ ಬರುತ್ತದೆ. ಎಲ್ಲೆಯಿಲ್ಲದ ಪದವೊಂದು ಕನ್ನಡದಲ್ಲಿ ಉಂಟು, ‘ಸರ್ವಜ್ಞ’. ಕನ್ನಡ ಕುರ್‌ಆನ್ ಅನುವಾದಗಳಲ್ಲಿ ‘ಅಲೀಮ್’ ಎಂಬುದಕ್ಕೆ ಆ ಪದವನ್ನು ಬಳಸುವ ರೂಢಿಯಿದೆ. ಅದು ಅಲ್ಲಾಹನಿಗೆ ಸಲ್ಲುವ ಗುಣ. ಮನುಷ್ಯನಿಗೆ ‘ತಜ್ಞ’ವೇ ಸಾಕು.

ಪ್ರವಾದಿಯವರು(ಸ) ತಮ್ಮ ಸಂಗಾತಿಗಳನ್ನು ಕುರಿತು ಹೇಳಿದ ಒಂದು ಹದೀಸ್ ತಿರ್ಮಿದಿಯಲ್ಲಿದೆ. ಹಲಾಲ್-ಹರಾಮ್‌ಗಳ ಜ್ಞಾನದಲ್ಲಿ ಮುಆದ್ ಬಿನ್ ಜಬಲ್(ರ), ವಾರಸುದಾರಿಕೆಯ ಲೆಕ್ಕದಲ್ಲಿ ಝೈದ್ ಬಿನ್ ಸಾಬಿತ್(ರ), ಕುರ್‌ಆನ್ ಪಾರಾಯಣದಲ್ಲಿ ಉಬಯ್ಯ್ ಬಿನ್ ಕಅಬ್(ರ) ಎಂದು ಒಬ್ಬೊಬ್ಬರಿಗೂ ಒಂದೊಂದು ಕ್ಷೇತ್ರವನ್ನು ಹೆಸರಿಸಲಾಗಿದೆ. ಖರ್ಜೂರದ ಪ್ರಸಂಗವಂತೂ ಬೆಳೆ ಬೆಳೆಯುವ ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ್ದು. ಮದೀನಾದ ತೋಟಗಾರರು ಗಂಡುಹೂವಿನ ಪರಾಗವನ್ನು ಹೆಣ್ಣುಮರಕ್ಕೆ ಹಾಕುತ್ತಿದ್ದರು. ಅದರಿಂದ ಪ್ರಯೋಜನವಾದೀತೆಂದು ತಮಗೆ ತೋರುವುದಿಲ್ಲ ಎಂದು ಪ್ರವಾದಿಯವರು(ಸ) ಹೇಳಿದಾಗ ಅವರು ಅದನ್ನು ಬಿಟ್ಟರು. ಫಸಲು ಕೆಟ್ಟಿತು. ಆಗ ಪ್ರವಾದಿಯವರು(ಸ), ಲೌಕಿಕ ಕಾರ್ಯಗಳಲ್ಲಿ ಅವರೇ ಹೆಚ್ಚು ಬಲ್ಲವರೆಂದು ಹೇಳಿ ತೋಟದ ವಿಷಯವನ್ನು ತೋಟಗಾರರಿಗೇ ಬಿಟ್ಟುಕೊಟ್ಟರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಪ್ರಸಂಗವನ್ನು ನಾವು ತರಗತಿಯಲ್ಲಿ ಪ್ರತಿವರ್ಷವೂ ಓದಿಸುತ್ತೇವೆ.

ಹೀಗಿದ್ದೂ ನಮ್ಮ ಜಮಾಅತಿನಲ್ಲಿ ಏನಾಗುತ್ತಿದೆ? ಮಗುವಿನ ಜ್ವರ, ಕಬ್ಬಿನ ಗೊಣ್ಣೆಹುಳು, ಜಮೀನಿನ ಖಾತೆ, ಎಲ್ಲವನ್ನೂ ಹಿಡಿದುಕೊಂಡು ಮದ್ರಸದ ಹಜ್ರತರ ಬಳಿಗೆ ಬರುವವರಿದ್ದಾರೆ. ನಮಾಝಿನ ಮಸ್‌ಅಲವನ್ನು ಮಾತ್ರ ಮೊಬೈಲಿನಲ್ಲಿ ಯಾರೋ ಮಾತನಾಡಿದ್ದನ್ನು ಕೇಳಿ ತೀರ್ಮಾನಿಸುತ್ತಾರೆ! ವೈದ್ಯನೆಂದು ಪ್ರಸಿದ್ಧನಲ್ಲದವನು ಚಿಕಿತ್ಸೆ ಮಾಡಿ ಹಾನಿಯಾದರೆ ಅದಕ್ಕೆ ಅವನೇ ಹೊಣೆ ಎಂಬ ಹದೀಸ್ ಅಬೂದಾವೂದ್‌ನಲ್ಲಿದೆ. ಬಂದವರಿಗೆ ಅದನ್ನು ತಿಳಿಸಿ, ಜ್ವರದವರನ್ನು ಆಸ್ಪತ್ರೆಗೂ ಕಬ್ಬಿನವರನ್ನು ಫಾರಂಗೂ ಕಳುಹಿಸುತ್ತೇವೆ. ಕೆಲವರಿಗೆ ಅಸಮಾಧಾನವಾಗುತ್ತದೆ, ಆಗಲಿ.

ಇದಕ್ಕಿಂತ ನೋವಿನ ಸಂಗತಿ ಬೇರೊಂದಿದೆ. ನಮ್ಮ ದಾಖಲಾತಿ ನಮೂನೆಯಲ್ಲಿ ತಂದೆಯ ಉದ್ಯೋಗದ ಎದುರು ಮಕ್ಕಳು ತಲೆತಗ್ಗಿಸಿ ‘ಕೂಲಿ’ ಎಂದು ಬರೆಸುತ್ತಾರೆ. ಅರಬಿಯ ‘ಕಸ್ಬ್’ ಎಂದರೆ ಗಳಿಕೆ. ಅದೇ ಕನ್ನಡಕ್ಕೆ ಬಂದು ‘ಕಸುಬು’ ಆಗಿ, ಕೈಚಳಕದ ಅರ್ಥವನ್ನೂ ಪಡೆಯಿತು. ವಕ್ಫಿನ ನಿಯಮಗಳ ಕುರಿತು ಗ್ರಂಥ ಬರೆದ ಹನಫೀ ವಿದ್ವಾಂಸರನ್ನು ಇಂದಿಗೂ ‘ಖಸ್ಸಾಫ್’ ಎಂದೇ ಕರೆಯುತ್ತೇವೆ. ಚಪ್ಪಲಿ ಹೊಲಿಯುವವರು ಎಂದರ್ಥ. ಮರ್ವ್ ಪಟ್ಟಣದ ‘ಕಫ್ಫಾಲ್’ ಬೀಗ ಮಾಡುವವರಾಗಿದ್ದರು, ಮೂವತ್ತರ ಪ್ರಾಯದಲ್ಲಿ ಓದಲು ಕುಳಿತು ಶಾಫಿಈ ಪಂಥದ ಇಮಾಮರಾದರು. ಆ ಕಸುಬಿನ ಹೆಸರುಗಳನ್ನು ಅವರ ಶಿಷ್ಯರು ಅಳಿಸಿಹಾಕಲಿಲ್ಲ.

ಈ ಸಾಲಿನಲ್ಲಿ ನಾವು ‘ತಂದೆಯ ಉದ್ಯೋಗವೇನು’ ಎಂದು ಕೇಳುವುದನ್ನು ಬಿಟ್ಟು, ‘ನಿಮ್ಮ ಅಬ್ಬಾ ಯಾವುದರಲ್ಲಿ ಬಲ್ಲವರು’ ಎಂದು ಕೇಳಿದೆವು. ಕಳೆದ ವರ್ಷ ‘ಕೂಲಿ’ ಎಂದಿದ್ದ ಬಾಲಕನೊಬ್ಬ ಕ್ಷಣಕಾಲ ಯೋಚಿಸಿ, “ಆಲೆಮನೆಯಲ್ಲಿ ಪಾಕದ ಹದ ನೋಡ್ತಾರೆ ಹಜ್ರತ್, ಅವರು ಹೇಳೋವರೆಗೂ ಕೊಪ್ಪರಿಗೆ ಇಳಿಸಲ್ಲ” ಎಂದನು. ಹಾಗೆಯೇ ಬರೆದುಕೊಂಡೆವು. ಅವನು ಹೊರಡಲಿಲ್ಲ. “ಅಮ್ಮೀದೂ ಬರ್ಕೊಳ್ತೀರಾ?” ಎಂದು ಕೇಳಿದನು. ತಾಯಿಯ ಕಸುಬಿಗೆಂದು ಆ ನಮೂನೆಯಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆವು.